ಬೂಷ್ಟು ಹಿಡಿದ ಗೋಧಿ: ವಿಷದ ಜೀನ್ ಇದ್ದರೆ ವಿಷ ಇದ್ದೇ ಇರುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಉಡುಪಿ ಹತ್ತಿರ, ಕಾಪು ಕಡೆ. ಮಳೆ ಶುರುವಾಗುವ ಮೊದಲು ಹತ್ತು ಕೆ.ಜಿ. ಗೋಧಿ ತಂದು ಗೋಣಿಯಲ್ಲೇ ಅಟ್ಟದ ಮೇಲೆ ಇಟ್ಟಿದ್ದೆ. ಆಟಿಯಲ್ಲಿ ತೆಗೆದು ನೋಡಿದರೆ ತಳದ ಕಾಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಸಿರು ಬೂಷ್ಟು. ತೊಳೆದು ಒಣಗಿಸಿ ಮಿಲ್ಲಿಗೆ ಕೊಡು, ಇಲ್ಲದಿದ್ದರೆ ದನಕ್ಕೆ ಹಾಕು ಎಂದು ಅತ್ತೆ ಹೇಳುತ್ತಾರೆ. ಮಗಳು ಮಂಗಳೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ಗೋಧಿಯ ಶಿಲೀಂಧ್ರದಲ್ಲಿ ವಿಷ ಮಾಡುವ ಜೀನ್‌ಗಳು ಸಾಲಾಗಿ ಇರುತ್ತವೆ, ಮುಟ್ಟಲೇಬೇಡಿ ಅನ್ನುತ್ತಾಳೆ. ಬೂಷ್ಟಿಗೆ ವಿಷ ಮಾಡುವ ಜೀನ್ ಯಾಕೆ ಬೇಕು? ಜೀನ್ ಇದ್ದ ಮಾತ್ರಕ್ಕೆ ವಿಷ ಇರಲೇಬೇಕಾ? ಈಗ ಈ ಗೋಧಿ ಏನು ಮಾಡಲಿ?

ಉತ್ತರ: ಮೊದಲು ಗೋಧಿಯ ವಿಷಯ ಮುಗಿಸೋಣ. ಎಸೆದುಬಿಡಿ ಅಮ್ಮಾ. ತಳದ್ದು ಮಾತ್ರ ಅಲ್ಲ, ಹತ್ತು ಕೆ.ಜಿ.ಯನ್ನೂ. ದೊಡ್ಡ ದಾಸ್ತಾನಾಗಿದ್ದರೆ ಲ್ಯಾಬಿಗೆ ಕೊಟ್ಟು ನೋಡಿ ಅನ್ನುತ್ತಿದ್ದೆ. ಇಷ್ಟಕ್ಕೆ ಪರೀಕ್ಷೆಯ ಖರ್ಚೇ ಜಾಸ್ತಿಯಾದೀತು. ದನಕ್ಕೂ ಹಾಕಬೇಡಿ. ಅದರ ಕಾರಣ ಬೇರೆ, ಕೊನೆಗೆ ಹೇಳುತ್ತೇನೆ.

ಇನ್ನು ಮಗಳ ಮಾತು. ಅವಳು ಹೇಳಿದ್ದು ಸರಿಯೇ. ಆದರೆ ಅವಳು ಓದಿದ ಶಿಲೀಂಧ್ರ ಬೇರೆ, ನಿಮ್ಮ ಅಟ್ಟದ್ದು ಬೇರೆ. ಅವಳ ಪಾಠದಲ್ಲಿ ಬಂದಿರುವುದು ಹೆಚ್ಚು ಕಡಿಮೆ ಫ್ಯುಸೇರಿಯಂ ಗ್ರಾಮಿನಿಯೇರಂ ಇರಬೇಕು. ಅದು ಗದ್ದೆಯಲ್ಲೇ, ಗೋಧಿ ಹೂ ಬಿಡುವಾಗ ತೆನೆಯೊಳಗೆ ನುಗ್ಗುತ್ತದೆ. ಅದಕ್ಕೆ ಹಸಿ ಕಾಳು ಬೇಕು. ಕೊಯ್ದು ಚೆನ್ನಾಗಿ ಒಣಗಿಸಿದ ಮೇಲೆ ಅದು ಬೆಳೆಯುವುದಿಲ್ಲ. ನಿಮ್ಮ ಗೋಣಿಯಲ್ಲಿ ಕಂಡ ಹಸಿರು ಆಸ್ಪರ್ಜಿಲ್ಲಸ್ ಅಥವಾ ಪೆನಿಸಿಲಿಯಂ ಜಾತಿಯದ್ದು. ಇವು ದಾಸ್ತಾನಿನ ಬೂಷ್ಟುಗಳು, ಕಡಿಮೆ ನೀರಿನಲ್ಲೂ ಬದುಕುತ್ತವೆ. ಎರಡೂ ಗುಂಪಿನಲ್ಲಿ ವಿಷದ ಜೀನ್‌ಗಳಿವೆ, ಎರಡರಲ್ಲೂ ಅವು ಗುಂಪಾಗಿಯೇ ಇವೆ. ಆದರೆ ವಿಷ ಬೇರೆ, ಅದು ಹುಟ್ಟುವ ಸಂದರ್ಭವೂ ಬೇರೆ.

ಫ್ಯುಸೇರಿಯಂ ಕಥೆ ಚೆನ್ನಾಗಿ ಗೊತ್ತಿರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಕರಾವಳಿಯವರು ಗೋಧಿ ತೆನೆ ನೋಡಿರುವುದೇ ಕಡಿಮೆ ಅಲ್ವಾ? ರೋಗ ಬಿದ್ದ ತೆನೆ ದೂರದಿಂದಲೇ ಗೊತ್ತಾಗುತ್ತದೆ. ಉಳಿದ ತೆನೆ ಹಸಿರಾಗಿರುವಾಗಲೇ ಅರ್ಧ ತೆನೆ ಬಿಳುಚಿಕೊಂಡಿರುತ್ತದೆ. ಹತ್ತಿರ ಹೋಗಿ ಕಾಳಿನ ಹೊಟ್ಟನ್ನು ಬಿಡಿಸಿದರೆ ಬುಡದಲ್ಲಿ ನಸುಗೆಂಪು, ಕಿತ್ತಳೆ ಬಣ್ಣದ ಮೆತ್ತನೆಯ ಪದಾರ್ಥ ಅಂಟಿಕೊಂಡಿರುತ್ತದೆ. ಅದು ಬೀಜಕಣಗಳ ರಾಶಿ. ಒಳಗಿನ ಕಾಳು ಸುರುಟಿ, ಸುಣ್ಣದ ಹಾಗೆ ಬೆಳ್ಳಗಾಗಿ, ಕೈಯಲ್ಲಿ ಹಿಡಿದರೆ ಭಾರವೇ ಇರುವುದಿಲ್ಲ. ಇದೇ ಶಿಲೀಂಧ್ರವನ್ನು ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅಡಿಭಾಗ ದಟ್ಟ ಕೆಂಪಾಗುತ್ತದೆ. ಆ ಕೆಂಪೇ ವಿಷ ಎಂದುಕೊಳ್ಳುವವರು ತುಂಬಾ ಜನ. ಅಲ್ಲ. ಅದು ಆರೋಫ್ಯುಸರಿನ್ ಎಂಬ ಬಣ್ಣ, ಅದರ ಜೀನ್‌ಗಳೇ ಬೇರೆ. ಆ ಜೀನ್ ಕೆಡಿಸಿದರೆ ಶಿಲೀಂಧ್ರ ಬೆಳ್ಳಗೆ ಬೆಳೆಯುತ್ತದೆ, ಆದರೆ ರೋಗ ತರುವ ಶಕ್ತಿ ಹೋಗುವುದಿಲ್ಲ. ಬಣ್ಣ ನೋಡಿ ವಿಷ ಹೇಳಲು ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇಲ್ಲ.

ನಿಜವಾದ ವಿಷದ ಹೆಸರು ಡಿಆಕ್ಸಿನಿವಲೆನಾಲ್. ಚಿಕ್ಕದಾಗಿ ಡಾನ್ ಅನ್ನುತ್ತಾರೆ. ಟ್ರೈಕೋಥಿಸೀನ್ ಎಂಬ ದೊಡ್ಡ ಕುಟುಂಬದ್ದು. ಜೀವಕೋಶದಲ್ಲಿ ಪ್ರೋಟೀನ್ ತಯಾರಾಗುವ ರೈಬೋಸೋಮಿಗೆ ಅಂಟಿಕೊಂಡು ಆ ಕೆಲಸವನ್ನೇ ನಿಲ್ಲಿಸುತ್ತದೆ. ಹಂದಿಗೆ ಇಂಥ ಗೋಧಿ ಹಾಕಿದರೆ ಮೂಸಿ ಬಿಟ್ಟುಬಿಡುತ್ತದೆ, ತಿಂದರೆ ವಾಂತಿ ಮಾಡುತ್ತದೆ. ಮನುಷ್ಯರಿಗೂ ವಾಂತಿ, ಹೊಟ್ಟೆನೋವು, ಭೇದಿ.

ಭಾರತದಲ್ಲಿ ಹೆಚ್ಚಿನ ಕಡೆ ಗೋಧಿ ಹೂ ಬಿಡುವ ಹೊತ್ತಿಗೆ ಹವೆ ಒಣಗಿರುತ್ತದೆ. ನಮ್ಮ ರಾಜ್ಯದಲ್ಲಿ ಗೋಧಿ ಬೆಳೆಯುವ ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯೂ ಹಾಗೇ. ಹಾಗಾಗಿ ಅಮೆರಿಕ, ಕೆನಡಾ, ಚೀನಾದಲ್ಲಿ ಇರುವಷ್ಟು ಕಾಟ ನಮಗಿಲ್ಲ. ಆದರೆ ಆಗಿಯೇ ಇಲ್ಲ ಎನ್ನುವ ಹಾಗಿಲ್ಲ. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಗೋಧಿಯ ಹಿಟ್ಟಿನಿಂದ ಮಾಡಿದ ರೊಟ್ಟಿ ತಿಂದು ತುಂಬಾ ಜನರಿಗೆ ಹೊಟ್ಟೆನೋವು, ಗಂಟಲು ಉರಿ, ಭೇದಿ ಆಯಿತು. ಆ ಹಿಟ್ಟಿನಲ್ಲಿ ಡಾನ್ ಮತ್ತು ಅದರ ಬಳಗದ ಬೇರೆ ವಿಷಗಳು ಸಿಕ್ಕವು. ಇವತ್ತು ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಗೋಧಿಯಲ್ಲಿ ಡಾನ್ ಕೆ.ಜಿ.ಗೆ 1000 ಮೈಕ್ರೋಗ್ರಾಂ ಮೀರಬಾರದು ಎಂದಿದೆ.

ಈಗ ಜೀನ್‌ಗಳ ವಿಚಾರ. ಡಾನ್ ಮಾಡಲು ಬೇಕಾದ ಜೀನ್‌ಗಳಿಗೆ ಟ್ರೈ ಜೀನ್‌ಗಳು ಎಂದು ಹೆಸರು, ಮುಂದೆ ಒಂದು ನಂಬರು. ಒಟ್ಟು 15. ಅದರಲ್ಲಿ 12 ಒಂದೇ ಕಡೆ, ಒತ್ತೊತ್ತಾಗಿ ಇವೆ. ಉಳಿದ ಮೂರು ಬೇರೆ ಎರಡು ಜಾಗದಲ್ಲಿವೆ. ಮಗಳು ಸಾಲಾಗಿ ಅಂದದ್ದು ಇದನ್ನೇ.

ಶುರುವಾಗುವುದು ಟ್ರೈ-5ರಿಂದ. ಫಾರ್ನೆಸಿಲ್ ಪೈರೋಫಾಸ್ಫೇಟ್ ಎಂಬ ಕಚ್ಚಾವಸ್ತು ಎಲ್ಲಾ ಶಿಲೀಂಧ್ರದಲ್ಲೂ ಇರುತ್ತದೆ, ತನ್ನ ಕೋಶದ ಪೊರೆ ಕಟ್ಟಲು ಅದಕ್ಕೆ ಬೇಕೇ ಬೇಕು. ಟ್ರೈ-5ರ ಕಿಣ್ವ ಅದನ್ನು ಮಡಚಿ ಟ್ರೈಕೋಡೈಯೀನ್ ಮಾಡುತ್ತದೆ. ವಿಷದ ದಾರಿ ಕವಲೊಡೆಯುವುದು ಇಲ್ಲಿ. ಮುಂದೆ ಟ್ರೈ-4ರ ಕಿಣ್ವ ಒಂದೇ ಆಗಿ ನಾಲ್ಕು ಕಡೆ ಆಕ್ಸಿಜನ್ ಸೇರಿಸುತ್ತದೆ. ಆಮೇಲೆ ಬರುವ ಟ್ರೈ-101 ನನಗೆ ಎಲ್ಲಕ್ಕಿಂತ ಇಷ್ಟವಾದ ಜೀನ್. ಶಿಲೀಂಧ್ರಕ್ಕೂ ರೈಬೋಸೋಮ್ ಇದೆಯಲ್ಲ, ತನ್ನ ವಿಷಕ್ಕೆ ತಾನೇ ಸಾಯಬಾರದಲ್ಲ? ಅದಕ್ಕೇ ಟ್ರೈ-101 ವಿಷದ ಅಣು ಪೂರ್ತಿ ತಯಾರಾಗುವ ಮೊದಲೇ ಅದಕ್ಕೊಂದು ಅಸಿಟೈಲ್ ತುಣುಕು ಅಂಟಿಸಿ ಅದರ ಬಲ ತಗ್ಗಿಸಿಬಿಡುತ್ತದೆ. ಉಳಿದ ಕೆಲಸವೆಲ್ಲ ಆ ತುಣುಕು ಹೊತ್ತುಕೊಂಡೇ ನಡೆಯುತ್ತದೆ. ಕೊನೆಗೆ ಟ್ರೈ-8 ಅದನ್ನು ತೆಗೆಯುತ್ತದೆ. ಟ್ರೈ-12 ಮಾಡುವ ಪ್ರೋಟೀನ್ ವಿಷವನ್ನು ಹೊರಗೆ ಪಂಪ್ ಮಾಡುತ್ತದೆ.

ಇದೇ ಸಾಲಿನಲ್ಲಿ ಸಣ್ಣ ಬದಲಾವಣೆಯಾದರೆ ವಿಷದ ನಮೂನೆಯೇ ಬದಲಾಗುತ್ತದೆ. ಡಾನ್ ಮಾಡುವ ತಳಿಗಳಲ್ಲಿ ಟ್ರೈ-13 ಕೆಟ್ಟುಹೋಗಿದೆ. ಅದು ಸರಿಯಿರುವ ತಳಿಗಳು ಡಾನ್ ಬದಲು ನಿವಲೆನಾಲ್ ಮಾಡುತ್ತವೆ. ಟ್ರೈ-8 ಎಲ್ಲಾ ತಳಿಯಲ್ಲೂ ಒಂದೇ ಥರ ಇಲ್ಲ. ಅದರ ವ್ಯತ್ಯಾಸದಿಂದ ಡಾನ್‌ನಲ್ಲಿ ಕೊನೆಗೆ ಉಳಿಯುವ ಅಸಿಟೈಲ್ ತುಣುಕು ಅಣುವಿನ 3ನೇ ಜಾಗದಲ್ಲೋ 15ನೇ ಜಾಗದಲ್ಲೋ ಎನ್ನುವುದು ತೀರ್ಮಾನವಾಗುತ್ತದೆ. ಇದೇನು ದೊಡ್ಡ ವಿಷಯವೇ ಅನ್ನಿಸಬಹುದು. ಪಶ್ಚಿಮ ಕೆನಡಾದಲ್ಲಿ 1998ರಿಂದ 2004ರ ಒಳಗೆ 15ರ ತಳಿಯನ್ನು ಬದಿಗೊತ್ತಿ 3ರ ತಳಿಯ ಪ್ರಮಾಣ 14 ಪಟ್ಟಿಗಿಂತ ಹೆಚ್ಚಾಯಿತು. ಹೊಸದಾಗಿ ಬಂದವು ವಿಷವನ್ನೂ ಜಾಸ್ತಿ ಮಾಡುತ್ತಿದ್ದವು.

ಬೂಷ್ಟಿಗೆ ವಿಷ ಯಾಕೆ ಬೇಕು ಎಂದು ಕೇಳಿದ್ದೀರಿ. ಇದಕ್ಕೆ ಊಹೆಯ ಉತ್ತರ ಬೇಕಿಲ್ಲ, ಪ್ರಯೋಗದ ಉತ್ತರವೇ ಇದೆ. 1995ರಲ್ಲಿ ಅಮೆರಿಕದ ವಿಜ್ಞಾನಿಗಳು ಟ್ರೈ-5 ಕೆಡಿಸಿದ ಫ್ಯುಸೇರಿಯಂ ತಯಾರಿಸಿ ಗೋಧಿಗೆ ಹಾಕಿ ನೋಡಿದರು. ವಿಷ ಮಾಡಲು ಬಾರದ ಶಿಲೀಂಧ್ರವೂ ಹೂವಿನೊಳಗೆ ಹೋಯಿತು. ಆದರೆ ರೋಗದ ತೀವ್ರತೆ ತಗ್ಗಿತು. ಯಾಕೆ ಎನ್ನುವುದು ಮುಂದೆ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಒಂದು ಹೂವಿನಿಂದ ಪಕ್ಕದ ಹೂವಿಗೆ ಹೋಗಬೇಕಾದರೆ ತೆನೆಯ ನಡುದಂಟಿನ ಗಂಟು ದಾಟಬೇಕು. ಶಿಲೀಂಧ್ರ ಬಂತೆಂದು ಗೊತ್ತಾದ ಕೂಡಲೇ ಗೋಧಿ ಅಲ್ಲಿ ಕೋಶಗಳ ಗೋಡೆ ದಪ್ಪ ಮಾಡುತ್ತದೆ. ಗೋಡೆ ಕಟ್ಟಲು ಪ್ರೋಟೀನ್ ಬೇಕು. ಡಾನ್ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುವುದರಿಂದ ಗೋಡೆ ಏಳುವುದಿಲ್ಲ. ವಿಷ ಇಲ್ಲದ ಶಿಲೀಂಧ್ರ ಬಿದ್ದ ಹೂವಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂದರೆ ಡಾನ್ ನಮ್ಮನ್ನು ಕೊಲ್ಲಲು ಹುಟ್ಟಿದ್ದಲ್ಲ. ಗೋಧಿಯ ಬಾಗಿಲು ಮುಚ್ಚದಂತೆ ತಡೆಯುವ ಉಪಾಯ ಅದು. ಮಧ್ಯೆ ರೊಟ್ಟಿ ತಿನ್ನುವ ನಾವು ಸಿಕ್ಕಿಬಿದ್ದಿದ್ದೇವೆ, ಅಷ್ಟೇ.

ಜೀನ್ ಇದ್ದ ಮಾತ್ರಕ್ಕೆ ವಿಷ ಇರಬೇಕಾ ಎನ್ನುವುದು ನಿಮ್ಮ ಪ್ರಶ್ನೆಯಲ್ಲಿ ಅತಿ ಒಳ್ಳೆಯ ಭಾಗ. ಇರಬೇಕಾಗಿಲ್ಲ. ಟ್ರೈ-6 ಮತ್ತು ಟ್ರೈ-10 ಎಂಬ ಎರಡು ಜೀನ್‌ಗಳಿವೆ. ಅವು ವಿಷದ ಅಣುವನ್ನು ಮುಟ್ಟುವುದೇ ಇಲ್ಲ. ಮನೆಯ ಮೀಟರ್ ಬೋರ್ಡಿನ ಮೈನ್ ಸ್ವಿಚ್ ಇದ್ದ ಹಾಗೆ ಅವು. ಅವು ಹಾಕಿಕೊಂಡರೆ ಉಳಿದ ಟ್ರೈ ಜೀನ್‌ಗಳೆಲ್ಲ ಕೆಲಸಕ್ಕೆ ಇಳಿಯುತ್ತವೆ. ಸಾಮಾನ್ಯ ಆಹಾರ ಕೊಟ್ಟು ಲ್ಯಾಬಿನಲ್ಲಿ ಬೆಳೆಸಿದ ಫ್ಯುಸೇರಿಯಂ ಎಷ್ಟೋ ಸಲ ಹೇಳಿಕೊಳ್ಳುವಷ್ಟು ಡಾನ್ ಮಾಡುವುದೇ ಇಲ್ಲ. ಅದೇ ತಳಿಯನ್ನು ತೆನೆಗೆ ಹಾಕಿ, ಸುರಿಸುತ್ತದೆ.

ಸ್ವಿಚ್ ಒತ್ತುವುದು ಯಾವುದು? ಒಂದು ಗೊತ್ತಾಗಿರುವುದು ಪ್ಯೂಟ್ರೆಸಿನ್, ಅಗ್ಮಟೀನ್ ಎಂಬ ಪಾಲಿಅಮೀನ್‌ಗಳು. ಕಷ್ಟಕ್ಕೆ ಸಿಕ್ಕ ಗಿಡ ಇವನ್ನು ತನ್ನ ರಕ್ಷಣೆಗೆ ಹೆಚ್ಚು ಮಾಡಿಕೊಳ್ಳುತ್ತದೆ. ಶಿಲೀಂಧ್ರ ಅದನ್ನೇ ಸುಳಿವಾಗಿ ಹಿಡಿದು ವಿಷಕ್ಕೆ ಶುರುಮಾಡುತ್ತದೆ. ಗಿಡ ಹೊಡೆದಾಡಲು ಬಿಡುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಗೇ. ಸುತ್ತ ಹುಳಿ ಹೆಚ್ಚಾದರೂ ವಿಷ ಹೆಚ್ಚುತ್ತದೆ. ಇದರ ಇನ್ನೊಂದು ಕಿರಿಕಿರಿ ರೈತರಿಗೆ. ಕೆಲವು ಶಿಲೀಂಧ್ರನಾಶಕಗಳನ್ನು ಅರೆಬರೆ ಪ್ರಮಾಣದಲ್ಲಿ ಕೊಟ್ಟಾಗ ಶಿಲೀಂಧ್ರ ಸಾಯದೆ, ಪೆರಾಕ್ಸೈಡ್ ಹೆಚ್ಚಾಗಿ, ಡಾನ್ ಏರಿದ್ದು ಪ್ರಯೋಗಗಳಲ್ಲಿ ಕಂಡಿದೆ. ಹೊಡೆದರೆ ಸರಿಯಾದ ಡೋಸ್ ಹೊಡೆಯಬೇಕು, ಇಲ್ಲವೇ ಸುಮ್ನೆ ಇರಬೇಕು.

ಗೋಧಿಯ ರೋಗಗಳಲ್ಲಿ ಪೂರ್ತಿ ಬೇರೆ ಥರದ ವಿಷವೂ ಇದೆ, ಮಗಳಿಗೆ ಕುತೂಹಲ ಇದ್ದೀತು ಎಂದು ಬರೆಯುತ್ತೇನೆ. ಟಾಕ್ಸ್-ಎ ಎಂಬುದು ಒಂದು ಪ್ರೋಟೀನ್. ಗೋಧಿ ಎಲೆಯಲ್ಲಿ ಕಂದು ಚುಕ್ಕೆ ಬರಿಸುತ್ತದೆ. ಅದೂ ಎಲ್ಲಾ ಗೋಧಿಯಲ್ಲಿ ಅಲ್ಲ, ಟಿಎಸ್‌ಎನ್-1 ಎಂಬ ಜೀನ್ ಇರುವ ತಳಿಗಳಲ್ಲಿ ಮಾತ್ರ. ಆ ಜೀನ್ ಇಲ್ಲದ ಗೋಧಿಗೆ ಟಾಕ್ಸ್-ಎ ಸವರಿದರೂ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಗಿಡದಲ್ಲಿ ಒಂದು ಜೀನ್ ಇದ್ದರೆ ರೋಗ ತಡೆಯುತ್ತದೆ ಎಂದು ಕಲಿಸುತ್ತೇವೆ. ಇಲ್ಲಿ ಉಲ್ಟಾ, ಜೀನ್ ಇದ್ದುದೇ ತಪ್ಪು. ಇನ್ನೂ ಸ್ವಾರಸ್ಯ ಏನೆಂದರೆ ಟಾಕ್ಸ್-ಎ ಜೀನ್ ಒಂದು ಶಿಲೀಂಧ್ರದಿಂದ ಇನ್ನೊಂದಕ್ಕೆ ಹಾರಿದೆ. ತಾಯಿಯಿಂದ ಮಗುವಿಗೆ ಬಂದದ್ದಲ್ಲ, ಬೇರೆ ಜಾತಿಯಿಂದಲೇ ನೇರವಾಗಿ. ಪ್ಯಾರಾಸ್ಟಾಗೊನೋಸ್ಪೋರ ನೋಡೋರಂನಿಂದ ಪೈರಿನೋಫೋರ ಟ್ರಿಟಿಸಿ-ರಿಪೆಂಟಿಸ್‌ಗೆ ಅದು ದಾಟಿದೆ ಎಂದು 2006ರಲ್ಲಿ ತೋರಿಸಿದರು. ದಾಟಿದ್ದು 1940ರ ಆಸುಪಾಸು ಇರಬೇಕೆಂದು ಅಂದಾಜು, ಯಾಕೆಂದರೆ ಅಲ್ಲಿಯವರೆಗೆ ಎರಡನೆಯದು ಗೋಧಿಗೆ ದೊಡ್ಡ ರೋಗವೇ ಆಗಿರಲಿಲ್ಲ. ಆಮೇಲೆ ಅದೇ ಜೀನ್ ಬೈಪೊಲಾರಿಸ್ ಸೊರೊಕಿನಿಯಾನದಲ್ಲೂ ಸಿಕ್ಕಿತು, ಭಾರತದ ತಳಿಗಳಲ್ಲೂ ಸಿಕ್ಕಿತು. ಗಂಗಾ ಬಯಲಿನ ಗೋಧಿಗೆ ಎಲೆಚುಕ್ಕೆ ತರುವುದು ಅದೇ. ಇದರಿಂದ ಚಪಾತಿ ತಿನ್ನುವವರಿಗೆ ತೊಂದರೆ ಇಲ್ಲ. ಈ ವಿಷ ಗೋಧಿಗೆ ಮಾತ್ರ.

ಗೋಧಿಯೂ ಕೈಕಟ್ಟಿ ಕೂತಿಲ್ಲ. ಡಾನ್‌ಗೆ ಒಂದು ಗ್ಲೂಕೋಸ್ ಅಂಟಿಸಿ ಅದರ ಬಲ ತೆಗೆಯುವ ಕಿಣ್ವ ಗೋಧಿಯಲ್ಲಿದೆ. ಗಿಡಕ್ಕೆ ಅದು ಪರಿಹಾರ, ನಮಗೆ ಪೂರ್ತಿ ಅಲ್ಲ. ಗ್ಲೂಕೋಸ್ ಅಂಟಿದ ಡಾನ್ ಸಾಮಾನ್ಯ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು, ನಮ್ಮ ಕರುಳಿನ ಬ್ಯಾಕ್ಟೀರಿಯ ಮತ್ತೆ ಅದನ್ನು ಬಿಡಿಸಿಕೊಡಬಹುದು. ತಳಿ ಅಭಿವೃದ್ಧಿ ಮಾಡುವವರು ಬಹಳ ವರ್ಷದಿಂದ ಚೀನಾದ ಸುಮೈ-3 ಎಂಬ ಗೋಧಿಯಿಂದ ಎಫ್‌ಎಚ್‌ಬಿ-1 ಎಂಬ ರೋಗನಿರೋಧಕ ಭಾಗ ತೆಗೆದುಕೊಂಡಿದ್ದಾರೆ. 2019ರಲ್ಲಿ ಎರಡು ತಂಡಗಳು ಅದರ ಹಿಂದಿರುವ ಜೀನ್ ಇದೇ ಎಂದು ಒಂದೇ ಜೀನ್ ತೋರಿಸಿದವು. ಆದರೆ ಅದು ಕೆಲಸ ಕಳೆದುಕೊಂಡದ್ದರಿಂದ ನಿರೋಧಕತೆ ಬಂತು ಎಂದು ಒಬ್ಬರು, ಹೊಸ ಕೆಲಸ ಗಳಿಸಿದ್ದರಿಂದ ಎಂದು ಇನ್ನೊಬ್ಬರು! ಅದೂ ಒಂದೇ ಪತ್ರಿಕೆಯಲ್ಲಿ. 2020ರಲ್ಲಿ ಬಂದ ಎಫ್‌ಎಚ್‌ಬಿ-7ರ ಕಥೆ ಹೆಚ್ಚು ಸ್ಪಷ್ಟ. ಅದು ಗೋಧಿಯ ಸಂಬಂಧಿಯಾದ ಒಂದು ಕಾಡು ಹುಲ್ಲಿನದ್ದು. ಅದರ ಕಿಣ್ವ ಡಾನ್‌ಗೆ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಅಂಟಿಸಿ ವಿಷ ಮುರಿಯುತ್ತದೆ. ಆ ಹುಲ್ಲಿಗೆ ಈ ಜೀನ್ ಬಂದದ್ದು ಎಪಿಕ್ಲೋ ಎಂಬ ಶಿಲೀಂಧ್ರದಿಂದ ಎಂದು ಆ ತಂಡ ಹೇಳಿದೆ.

ಮತ್ತೆ ನಿಮ್ಮ ಅಟ್ಟಕ್ಕೆ ಬರೋಣ. ಸರಕಾರ ಗೋಧಿ ಖರೀದಿಸುವಾಗ ಶೇ 12ರಷ್ಟು ತೇವಾಂಶಕ್ಕೆ ಪೂರ್ತಿ ಬೆಲೆ ಕೊಡುತ್ತದೆ, 14ರವರೆಗೆ ಬೆಲೆ ಕಡಿತ, ಅದಕ್ಕಿಂತ ಮೇಲೆ ತೆಗೆದುಕೊಳ್ಳುವುದಿಲ್ಲ. ಕಾಪುವಿಗೆ ಬಂದಾಗ ನಿಮ್ಮ ಗೋಧಿಯೂ ಒಣಗಿಯೇ ಇದ್ದಿರಬೇಕು. ಆದರೆ ಗೋಣಿ ಗಾಳಿ ಆಡುವ ವಸ್ತು. ಜೂನ್, ಜುಲೈಯಲ್ಲಿ ನಮ್ಮ ಗಾಳಿಯಲ್ಲಿ ನೀರೇ ತುಂಬಿರುತ್ತದೆ, ಕಾಳು ಅದನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಬಟ್ಟೆ ಎರಡು ದಿನ ಒಣಗದ ಊರಿನಲ್ಲಿ ಗೋಧಿ ಮಾತ್ರ ಹೇಗೆ ಒಣಗಿ ಉಳಿದೀತು? ಬೂಷ್ಟು ಒಮ್ಮೆ ಬೆಳೆಯತೊಡಗಿದರೆ ಅದರ ಉಸಿರಾಟದಿಂದಲೇ ಇನ್ನಷ್ಟು ನೀರು, ಬಿಸಿ ಹುಟ್ಟುತ್ತದೆ. ಕಾಳು ಗಂಟುಕಟ್ಟಿದ್ದು ಅದಕ್ಕೇ.

ಹಸಿರು ಬೂಷ್ಟಿನಲ್ಲಿ ನಾವು ಹೆದರುವುದು ಆಸ್ಪರ್ಜಿಲ್ಲಸ್ ಫ್ಲೇವಸ್‌ಗೆ. ಅದು ಮಾಡುವ ಅಫ್ಲಟಾಕ್ಸಿನ್ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕ್ಯಾನ್ಸರ್ ತರುತ್ತದೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಲ್ಲಿ ಎಷ್ಟೋ ಜನ ಕಾಮಾಲೆಯಾಗಿ ಸತ್ತರು. ಕಾರಣ ಇದೇ ವಿಷ. ನಮ್ಮ ಕಡೆ ಸರಿಯಾಗಿ ಒಣಗದ ಕೊಬ್ಬರಿ, ನೆಲಗಡಲೆಯಲ್ಲೂ ಇದು ಬರುತ್ತದೆ. ಇಲ್ಲಿಯೂ ಜೀನ್‌ಗಳ ಒಂದು ದೊಡ್ಡ ಗುಂಪಿದೆ, ಇಪ್ಪತ್ತೈದಕ್ಕೂ ಹೆಚ್ಚು. ಎಎಫ್‌ಎಲ್-ಆರ್ ಎಂಬ ಜೀನ್ ಅವನ್ನು ನಡೆಸುತ್ತದೆ. ವಿಷ ಜೋರಾಗಿ ಹುಟ್ಟುವುದು 30 ಡಿಗ್ರಿ ಆಸುಪಾಸಿನಲ್ಲಿ. 37 ಡಿಗ್ರಿಗೆ ಬೂಷ್ಟು ಹುಲುಸಾಗಿ ಬೆಳೆದರೂ ವಿಷ ತೀರಾ ಕಡಿಮೆಯಾಗುತ್ತದೆ. ಮಳೆಗಾಲದ ನಮ್ಮ ಅಟ್ಟ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಆದರೆ ಎಲ್ಲಾ ಫ್ಲೇವಸ್ ವಿಷ ಮಾಡುವುದಿಲ್ಲ. ಜಪಾನಿನವರು ಸೋಯಾ ಸಾಸ್, ಮಿಸೊ ಹುದುಗಿಸಲು ಬಳಸುವ ಆಸ್ಪರ್ಜಿಲ್ಲಸ್ ಒರೈಜೆ ಇದರದ್ದೇ ಪಳಗಿದ ರೂಪ. ಅದರಲ್ಲೂ ಅಫ್ಲಟಾಕ್ಸಿನ್ ಜೀನ್‌ಗಳ ಗುಂಪು ಇದೆ, ಕೆಲವು ಕಡೆ ಹರಿದಿದೆ, ಕೆಲಸ ಮಾಡುವುದಿಲ್ಲ. ಶತಮಾನಗಳಿಂದ ಜನ ಅದನ್ನು ತಿಂದು ಚೆನ್ನಾಗಿದ್ದಾರೆ. ಅಮೆರಿಕ, ಆಫ್ರಿಕಾದಲ್ಲಿ ಇಂಥ ವಿಷವಿಲ್ಲದ ತಳಿಗಳನ್ನು ಬೇಕೆಂದೇ ಹೊಲಕ್ಕೆ ಎರಚುತ್ತಾರೆ. ಅವು ಜಾಗ ಹಿಡಿದುಕೊಂಡರೆ ವಿಷದ ತಳಿಗೆ ಜಾಗ ಸಿಗುವುದಿಲ್ಲ. ನಿಮ್ಮ ಗೋಣಿಯಲ್ಲಿ ಇದ್ದದ್ದು ಯಾವ ತಳಿ? ಕಣ್ಣಿಗೆ ಎರಡೂ ಒಂದೇ ಹಸಿರು. ಹಾಗಾಗಿಯೇ ಎಸೆಯಿರಿ ಅಂದೆ.

ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ತೊಳೆದರೆ ಹೊರಗಿನ ಬೂಷ್ಟು ಹೋಗುತ್ತದೆ, ಬಿಸಿಲಿಗೆ ಹಾಕಿದರೆ ಹೊಸದಾಗಿ ಬೆಳೆಯುವುದು ನಿಲ್ಲುತ್ತದೆ. ಡಾನ್ ನೀರಿನಲ್ಲಿ ಕರಗುವುದರಿಂದ ಅದೂ ಸ್ವಲ್ಪ ಹೋಗುತ್ತದೆ. ಅಫ್ಲಟಾಕ್ಸಿನ್ ಹಾಗಲ್ಲ. ಕಾಳಿನೊಳಗೆ ಇಳಿದದ್ದು ಅಲ್ಲೇ ಉಳಿಯುತ್ತದೆ. ಕಾವಲಿಯ ಶಾಖಕ್ಕೂ ಪೂರ್ತಿ ಹಾಳಾಗುವುದಿಲ್ಲ. ಶಿಲೀಂಧ್ರ ಸತ್ತರೂ ಅದು ಮಾಡಿಟ್ಟ ವಿಷ ಸಾಯುವುದಿಲ್ಲ. ಇನ್ನೊಂದು, ಒಣಗಿದ ಬೂಷ್ಟನ್ನು ಮೊರದಲ್ಲಿ ಕೇರಬೇಡಿ. ಹಾರುವ ಹಸಿರು ಪುಡಿಯೆಲ್ಲ ಬೀಜಕಣ, ಉಬ್ಬಸ ಇರುವವರಿಗೆ ಅದೇ ಸಾಕು.

ಮುಂದಿನ ಸಲ ಮಳೆಗಾಲಕ್ಕೆ ತಿಂಗಳಿಗೆ ಬೇಕಾದಷ್ಟೇ ತನ್ನಿ. ತಂದ ಕೂಡಲೇ ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕಿ, ಪೂರ್ತಿ ತುಂಬಿಸಿ. ಕಾಳು ಹಲ್ಲಿಗೆ ಹಾಕಿದರೆ ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ತೇವ ಇದೆ, ಮಳೆ ಹಿಡಿಯುವ ಮೊದಲೇ ಬಿಸಿಲಿಗೆ ಹಾಕಬೇಕಿತ್ತು ಎಂದರ್ಥ. ಅಟ್ಟದ ಗೋಣಿಯ ಪದ್ಧತಿ ಬಯಲುಸೀಮೆಗೆ ಸರಿ, ನಮಗಲ್ಲ.

ಕೊನೆಗೆ ದನದ ವಿಷಯ. ಡಾನ್ ಇರುವ ಗೋಧಿಯನ್ನು ದನ ಹಂದಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಡಾನ್ ಅನ್ನು ಮುರಿಯುತ್ತವೆ. ದನಕ್ಕೆ ಹಾಕಿದರೆ ಏನೂ ಆಗುವುದಿಲ್ಲ ಎನ್ನುವ ನಂಬಿಕೆ ಉಳಿದುಕೊಳ್ಳಲು ದನದ ಈ ಗಟ್ಟಿ ಹೊಟ್ಟೆಯೇ ಕಾರಣವೇನೋ. ಅಫ್ಲಟಾಕ್ಸಿನ್ ಮಾತ್ರ ಹಾಗಲ್ಲ. ದನದ ಯಕೃತ್ತು ಅದನ್ನು ಎಂ-1 ಎಂಬ ರೂಪಕ್ಕೆ ಬದಲಿಸುತ್ತದೆ, ಅದು ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದರ ಮಿತಿ ಕೆ.ಜಿ.ಗೆ ಬರೀ ಅರ್ಧ ಮೈಕ್ರೋಗ್ರಾಂ, ಯಾಕೆಂದರೆ ಹಾಲು ಕುಡಿಯುವವರು ಮಕ್ಕಳು. ಕೋಳಿಗೂ ಹಾಕಬೇಡಿ, ಬಾತುಕೋಳಿ ಇದ್ದರಂತೂ ಅದರ ಹತ್ತಿರವೂ ಬಿಡಬೇಡಿ, ಅವಕ್ಕೆ ಅಫ್ಲಟಾಕ್ಸಿನ್ ತುಂಬಾ ಬೇಗ ತಾಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗೋಧಿಗೆ ಸ್ವಲ್ಪ ನೀರು ಚಿಮುಕಿಸಿ ಧೂಳು ಏಳದಂತೆ ಮಾಡಿ, ತೋಟದ ಬದಿಯಲ್ಲಿ ಆಳಕ್ಕೆ ಹೂತುಬಿಡಿ. ಗೋಣಿಯನ್ನೂ ಅದರ ಜೊತೆಗೇ.